ಆಟೋ ಬಾಡಿಗೆ, ವೀಲ್‌ಚೇರು, ಹತ್ತು ದಿನದ ಕೇರ್ ಹೋಮ್: ಇನ್ಶೂರೆನ್ಸಲ್ಲಿ ಯಾರಿಗಾದ್ರೂ ಕ್ಲೈಮ್ ಆಗಿದ್ಯಾ?

ಮಳೆಬಿಲ್ಲು_ಅಮ್ಮ:
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ತಿದ್ದೆ, ಇವತ್ತು ತಡೆಯೋಕಾಗ್ದೆ ಬರೀತಿದೀನಿ, ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಮಗನಿಗೆ ಹನ್ನೊಂದು ವರ್ಷ, ಸೆರೆಬ್ರಲ್ ಪಾಲ್ಸಿ, ಯುಡಿಐಡಿ ಕಾರ್ಡಲ್ಲಿ (ಅಂಗವಿಕಲರ ಗುರುತಿನ ಕಾರ್ಡು) 80 ಪರ್ಸೆಂಟ್. ಕೂರಿಸಿದ್ರೆ ಕೂರ್ತಾನೆ, ನಿಲ್ಲಲ್ಲ. ವಾರಕ್ಕೆ ಮೂರು ದಿನ ಫಿಸಿಯೋ, ಒಂದು ದಿನ ಸ್ಪೀಚ್ ಥೆರಪಿ. ಹೋದ ವರ್ಷದವರೆಗೂ ಸೊಂಟದ ಮೇಲೆ ಕೂರಿಸ್ಕೊಂಡು ಬಸ್ ಹತ್ತಿಬಿಡ್ತಿದ್ದೆ, ಈಗ 27 ಕೆಜಿ ಆಗಿದಾನೆ, ಆಗಲ್ಲ. ಆಟೋನೇ ಗತಿ. ಹೋಗಿ ಬರೋಕೆ 360, ತಿಂಗಳಿಗೆ ಆರು ಸಾವಿರ ಬರೀ ಓಡಾಟಕ್ಕೆ. ಈ ವರ್ಷ ಹಳೇ ವೀಲ್‌ಚೇರು ಚಿಕ್ಕದಾಯ್ತು ಅಂತ ಹೊಸದು ತಗೊಂಡ್ವಿ. ಕಾಲಿಗೆ ಹಾಕೋ ಎಎಫ್‌ಒ (ಪಾದ ನೆಟ್ಟಗೆ ಹಿಡಿಯೋ ಅಚ್ಚಿನ ಪಟ್ಟಿ) ಬೇರೆ, ಎಂಟು ತಿಂಗಳು ಆಗೋ ಹೊತ್ತಿಗೆ ಹೆಬ್ಬೆರಳು ಅಂಚಿಂದ ಆಚೆ ಇಣುಕುತ್ತೆ, ಮತ್ತೆ ಅಚ್ಚು ತೆಗೆಸಬೇಕು.

ಜೂನಲ್ಲಿ ನನಗೆ ಗಾಲ್ ಬ್ಲಾಡರ್ ಕಲ್ಲಿನ ಆಪರೇಷನ್ ಆಯ್ತು. ಭಾರ ಎತ್ತಬಾರದು ಅಂದ್ರು ಡಾಕ್ಟ್ರು. ಇವರಿಗೆ ರಜಾ ಸಿಕ್ಕಿದ್ದು ಮೂರೇ ದಿನ. ನೋಡ್ಕೊಳ್ಳೋರು ಯಾರೂ ಇಲ್ಲ, ಮಗನನ್ನ ಹತ್ತು ದಿನ ಒಂದು ಕೇರ್ ಹೋಮಲ್ಲಿ ಬಿಟ್ವಿ, 14,500 ಆಯ್ತು. ನಮ್ಮದು ಫ್ಯಾಮಿಲಿ ಫ್ಲೋಟರ್, ಮನೆಯವರಿಗೆಲ್ಲಾ ಸೇರಿ ಒಂದೇ ಪಾಲಿಸಿ, ಅವನ ಹೆಸರೂ ಇದೆ ಅದರಲ್ಲಿ. ಸರಿ ಅಂತ ನನ್ನ ಆಪರೇಷನ್ ಬಿಲ್ ಜೊತೆ ವೀಲ್‌ಚೇರ್ ಬಿಲ್ಲು, ಕೇರ್ ಹೋಮ್ ರಸೀದಿ, ಆಟೋ ಖರ್ಚು ಬರ್ಕೊಂಡಿದ್ದ ನೋಟ್‌ಬುಕ್ ಹಾಳೆಗಳ ಝೆರಾಕ್ಸು ಎಲ್ಲಾ ಹಾಕಿ ಕಳಿಸಿದೆ. ಆಪರೇಷನ್ ದುಡ್ಡು ಬಂತು. ಮಿಕ್ಕಿದ್ದಕ್ಕೆ ಒಂದೇ ಪುಟದ ಲೆಟರು, ಮೂರು ಸಾಲು. ಒಂದು 'ನಾನ್ ಪೇಯಬಲ್', ಒಂದು 'ಪಾಲಿಸಿ ವ್ಯಾಪ್ತಿಯಲ್ಲಿಲ್ಲ', ಒಂದಕ್ಕೆ 'ಎಕ್ಸ್‌ಕ್ಲೂಷನ್ 05'.

ಇದು ಕಂಪನಿಯವರ ಆಟನಾ ಇಲ್ಲ ನಿಜವಾಗ್ಲೂ ಸಿಗಲ್ವಾ? ಯಾರಿಗಾದ್ರೂ ಸಿಕ್ಕಿದ್ರೆ ಹೆಂಗೆ ಅಂತ ಹೇಳಿ.

ಸುಮ್ನೆ_ಓದೋನು:
ನೋಟ್‌ಬುಕ್ ಹಾಳೆ ಕಳಿಸಿದ್ರಾ 😀 ನಿಮ್ಮ ಧೈರ್ಯಕ್ಕೆ ಒಂದು ನಮಸ್ಕಾರ ಅಕ್ಕ

ಹಳೇ_ಟಿಪಿಎ:
ಮೇಡಂ, ನಾನು ಒಂಬತ್ತು ವರ್ಷ ಟಿಪಿಎನಲ್ಲಿ, ಅಂದ್ರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೈಮ್ ನೋಡೋ ಸಂಸ್ಥೆಲಿ, ಕ್ಲೈಮ್ ಸೆಕ್ಷನ್ನಲ್ಲಿ ಕೂತು ಇಂಥ ಮೂರು ಸಾಲಿನ ಲೆಟರ್ ಬರೆದವನೇ, ಬೈಯೋದಿದ್ರೆ ಬೈಕೊಳ್ಳಿ. ಆದ್ರೆ ಇದರಲ್ಲಿ ಕಂಪನಿ ಆಟ ಇಲ್ಲ.

ನಮ್ಮ ದೇಶದ ಮೆಡಿಕ್ಲೈಮ್ ಅಂದ್ರೆ ಆಸ್ಪತ್ರೆ ಹಾಸಿಗೆಗೆ ಕೊಡೋ ಇನ್ಶೂರೆನ್ಸು. ಅಡ್ಮಿಟ್ ಆಗ್ಬೇಕು, ಇಪ್ಪತ್ನಾಲ್ಕು ಗಂಟೆ ಇರ್ಬೇಕು (ಡೇ ಕೇರ್ ಪಟ್ಟಿಯಲ್ಲಿರೋವು ಬಿಟ್ಟು), ಆಗ ಬಿಲ್ ನೋಡ್ತಾರೆ. ಆ ಬಿಲ್ಲಲ್ಲೂ 68 ಐಟಂಗಳ ಒಂದು ಪಟ್ಟಿ ಇದೆ, ಐಆರ್‌ಡಿಎಐ (ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಪ್ರಾಧಿಕಾರ) ಮಾಡಿದ್ದು, ಕೊಡ್ಲೇಬೇಕು ಅಂತಿಲ್ಲದ ಸಾಮಾನುಗಳು. ಡೈಪರ್, ವಾಕಿಂಗ್ ಏಡ್, ನೀ ಬ್ರೇಸ್, ಸ್ಪ್ಲಿಂಟ್, ಸೊಂಟದ ಬೆಲ್ಟು, ಅಟೆಂಡೆಂಟ್ ಚಾರ್ಜು, ಸ್ಪೆಷಲ್ ನರ್ಸು, ಮನೆಗೆ ತಗೊಂಡು ಹೋಗೋ ಆಕ್ಸಿಜನ್ ಸಿಲಿಂಡರು, ಎಲ್ಲಾ ಅದರಲ್ಲೇ. ಒಳಗೆ ಹಾಕೋ ರಾಡು ಪ್ಲೇಟಿಗೆ ಕೊಡ್ತಾರೆ, ಹೊರಗೆ ಕಟ್ಟೋದಕ್ಕೆ ಕೊಡಲ್ಲ, ಹೆಚ್ಚುಕಮ್ಮಿ ಹಾಗೆ ನೆನಪಿಟ್ಕೊಳ್ಳಿ.

ಓಡಾಟ ಅಂದ್ರೆ ಆಂಬುಲೆನ್ಸ್ ಮಾತ್ರ, ಅದೂ ಅಡ್ಮಿಷನ್ ಆದಾಗ. ಆರೋಗ್ಯ ಸಂಜೀವನಿ ಅಂತ ಎಲ್ಲಾ ಕಂಪನಿಲೂ ಒಂದೇ ಥರ ಇರೋ ಪಾಲಿಸಿ ಇದ್ಯಲ್ಲ, ಅದರಲ್ಲಿ ಒಂದು ಅಡ್ಮಿಷನ್ನಿಗೆ 2,000 ಮಿತಿ. ಥೆರಪಿಗೆ ಹೋದ ಆಟೋ ಇದರಲ್ಲಿ ಬರಲ್ಲ.

ಇನ್ನು ಎಕ್ಸ್‌ಕ್ಲೂಷನ್ 05. 2019ರಲ್ಲಿ ಐಆರ್‌ಡಿಎಐ ಎಲ್ಲಾ ಕಂಪನಿಗಳ ಹೊರಗಿಡೋ ಪಟ್ಟಿನ ಒಂದೇ ಭಾಷೆಗೆ ತಂತು, ಒಂದೊಂದಕ್ಕೂ ನಂಬರ್ ಕೊಡ್ತು. 05 ಅಂದ್ರೆ ರೆಸ್ಟ್ ಕ್ಯೂರ್, ರಿಹ್ಯಾಬಿಲಿಟೇಷನ್ ಮತ್ತು ರೆಸ್ಪೈಟ್ ಕೇರ್ (ನೋಡ್ಕೊಳ್ಳೋರಿಗೆ ಬಿಡುವು ಬೇಕಾದಾಗ ಸ್ವಲ್ಪ ದಿನ ಬೇರೆಯವರು ನೋಡ್ಕೊಳ್ಳೋದು). ಹೆಸರು ಹಿಡಿದೇ ಹೊರಗಿಟ್ಟಿದಾರೆ. ಸ್ನಾನ ಮಾಡ್ಸೋದು, ಬಟ್ಟೆ ಹಾಕೋದು, ಎತ್ತಿ ಕೂರ್ಸಿ ಓಡಾಡ್ಸೋದು ಇಂಥ ನೆರವಿಗೆ ಮನೇಲಾಗ್ಲಿ ಹೊರಗಾಗ್ಲಿ ಆದ ಖರ್ಚು ಇಲ್ಲ ಅಂತ ಬಿಡಿಸಿ ಬರೆದಿದೆ. ನಿಮ್ಮ ಕೇರ್ ಹೋಮ್ ರಸೀದಿ ಅದರ ಕೆಳಗೆ ನೇರವಾಗಿ ಬಿತ್ತು.

ಮಳೆಬಿಲ್ಲು_ಅಮ್ಮ:
ಸ್ನಾನ, ಬಟ್ಟೆ, ಎತ್ತಿ ಕೂರ್ಸೋದು. ಸರ್ ಅದು ನನ್ನ ಇಡೀ ದಿನ. ನಾನು ಬೆಳಗ್ಗೆಯಿಂದ ರಾತ್ರಿವರೆಗೂ ಮಾಡೋದನ್ನೇ ಪಟ್ಟಿ ಮಾಡಿ ಇದಕ್ಕೆ ಕೊಡಲ್ಲ ಅಂದಂಗಾಯ್ತು.

ಬಯಲುಸೀಮೆ:
ಅಕ್ಕಾರ, ನನ್ನ ಕಥಿ ಕೇಳ್ರಿ. ನನಗ ಬೆನ್ನುಹುರಿ ಪೆಟ್ಟಾಗಿ ಹದಿಮೂರು ವರ್ಷ ಆತು, ಸೊಂಟದ ಕೆಳಗ ಸ್ಪರ್ಶ ಇಲ್ಲ. ವೀಲ್‌ಚೇರಿಗೆ ಹಾಕೋ ಏರ್ ಕುಶನ್ ಐತಲ್ಲ, ನಂದು 18 ಸಾವಿರದ್ದು. ಅದು ತೂತ ಬಿದ್ದಿತ್ತು, ಹೊಸದಕ್ಕ ಕೇಳಿದೆ, ಇನ್ಶೂರೆನ್ಸ್‌ನವ್ರು ಬರಂಗಿಲ್ಲ ಅಂದ್ರು. ಸೈಕಲ್ ಪಂಚರ್ ಹಾಕೋ ಅಂಗಡಿಯಾಗ ಪ್ಯಾಚ್ ಹಾಕಿಸ್ಕೊಂಡು ಕುಂತೆ. ಪ್ಯಾಚ್ ಹಾಕಿದ ಜಾಗ ದಪ್ಪ ಆಗಿ ಉಬ್ಬಿತ್ತು, ನನಗೇನ ಗೊತ್ತಾಗಬೇಕು, ಸ್ಪರ್ಶನೇ ಇಲ್ಲ. ಎರಡು ತಿಂಗಳಿಗೆ ಅಲ್ಲೇ ಹುಣ್ಣ ಆತು, ಎಲುಬಿನ ತನಕ ಹೋತು. ಅಡ್ಮಿಟ್ ಆದೆ, ಫ್ಲ್ಯಾಪ್ ಸರ್ಜರಿ ಮಾಡಿದ್ರು, ಬಿಲ್ ಎರಡು ಲಕ್ಷ ಅರವತ್ತ ಸಾವಿರ. ಅದನ್ನ ಒಂದ ಮಾತಿಲ್ಲದ ಕೊಟ್ರು ನೋಡ್ರಿ. 18 ಸಾವಿರ ಕೊಡಂಗಿಲ್ಲ, ಎರಡೂವರಿ ಲಕ್ಷ ಕೊಡ್ತಾರ. ಇದಕ್ಕ ಏನ ಅನ್ನೂಣು?

ಸುಮ್ನೆ_ಓದೋನು:
ಇದನ್ನ ಯಾರಾದ್ರೂ ಕಂಪನಿ ಗೋಡೆ ಮೇಲೆ ಅಂಟಿಸ್ಬೇಕು

ಹಳೇ_ಟಿಪಿಎ:
ಬಯಲುಸೀಮೆ ಅವ್ರೇ, ನಾನೂ ಇದನ್ನ ಒಳಗೆ ಕೂತು ನೋಡಿದೀನಿ. ಕುಶನ್ ಫೈಲು ಒಬ್ಬರ ಟೇಬಲ್ಲು, ಸರ್ಜರಿ ಫೈಲು ಇನ್ನೊಬ್ಬರದು. ಎರಡೂ ಒಬ್ಬನೇ ಮನುಷ್ಯಂದು ಅಂತ ಯಾರಿಗೂ ಗೊತ್ತಾಗಲ್ಲ.

ಪುಟ್ಟಿ_ಅಪ್ಪ:
ಅಯ್ಯೋ ಇದಕ್ಕೆಲ್ಲಾ ದಾರಿ ಇದೆ ಬಿಡಿ. ಪರಿಚಯದ ನರ್ಸಿಂಗ್ ಹೋಮಲ್ಲಿ ಮಗೂನ ಎರಡು ದಿನ ಅಡ್ಮಿಟ್ ಅಂತ ತೋರ್ಸಿ, ಇಂಟೆನ್ಸಿವ್ ಫಿಸಿಯೋ ಅಂತ ಬರೆಸಿದ್ರೆ ಎಲ್ಲಾ ಅದರಲ್ಲೇ ಸೇರಿಸ್ಬಹುದು. ನಮ್ಮ ಕಡೆ ಎಲ್ರೂ ಹಂಗೇ ಮಾಡೋದು.

ಹಳೇ_ಟಿಪಿಎ:
ದಯವಿಟ್ಟು ಬೇಡ. ಮೊದಲನೇದು ಅದು ವಂಚನೆ. ಎರಡನೇದು ಸಿಕ್ಕಿಬಿದ್ರೆ ಬರೀ ಆ ಕ್ಲೈಮ್ ಹೋಗಲ್ಲ, ಪಾಲಿಸಿನೇ ರದ್ದು ಮಾಡ್ಬಹುದು. ಇಂಥ ಮಗು ಇರೋ ಮನೇಗೆ ಮತ್ತೆ ಹೊಸ ಪಾಲಿಸಿ ಯಾರು ಕೊಡ್ತಾರೆ? ಎರಡು ದಿನದ ದುಡ್ಡಿಗೆ ಎಂಟು ವರ್ಷದ ಪಾಲಿಸಿ ಕಳ್ಕೊಂಡವರನ್ನ ನೋಡಿದೀನಿ. ಮೂರನೇದು, ಬರೀ ಫಿಸಿಯೋಗೆ ಅಂತ ಅಡ್ಮಿಟ್ ಆದ್ರೆ ಅದೂ 05ಕ್ಕೇ ಬೀಳುತ್ತೆ. ರಿಹ್ಯಾಬಿಲಿಟೇಷನ್ ಅನ್ನೋ ಪದ ಅಲ್ಲಿ ಇರೋದು ಇದಕ್ಕೇನೇ.

ಪುಟ್ಟಿ_ಅಪ್ಪ:
ಆಯ್ತು ಸರ್ ಹರಿಶ್ಚಂದ್ರರು ನೀವು. ಕಂಪನಿಯವ್ರು ಪ್ರೀಮಿಯಂ ಏರಿಸೋವಾಗ ಯಾವ ಧರ್ಮ ನೋಡ್ತಾರೆ ಹೇಳಿ.

ಕಡಲ್ಕರೆ:
ಜಗಳ ಬಿಡಿ ಮಾರಾಯ್ರೆ. ಅಮ್ಮ ಅವರೇ, ನಿಮಗೆ ನಿರಾಮಯ ಉಂಟಾ ಇಲ್ವಾ, ಅದು ಹೇಳಿ ಮೊದಲು. ಯಾರೂ ಕೇಳ್ಲೇ ಇಲ್ಲ.

ಮಳೆಬಿಲ್ಲು_ಅಮ್ಮ:
ನಿರಾಮಯ ಅಂದ್ರೆ?

ಕಡಲ್ಕರೆ:
ಅಯ್ಯೋ ದೇವರೇ. ಹನ್ನೊಂದು ವರ್ಷ ಆಯ್ತು, ಒಬ್ಬ ಡಾಕ್ಟರೂ ಹೇಳ್ಲಿಲ್ವಾ?

ನ್ಯಾಷನಲ್ ಟ್ರಸ್ಟ್ ಅಂತ ಕೇಂದ್ರ ಸರ್ಕಾರದ್ದು ಉಂಟು, 1999ರ ಕಾಯ್ದೆಯಲ್ಲಿ ಆದದ್ದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಅವರದ್ದೇ ಆರೋಗ್ಯ ವಿಮೆ ನಿರಾಮಯ. ವರ್ಷಕ್ಕೆ ಒಂದು ಲಕ್ಷದವರೆಗೆ. ಹೊಸದಾಗಿ ಸೇರ್ಲಿಕ್ಕೆ 500, ಬಿಪಿಎಲ್ ಆದ್ರೆ 250. ಆಮೇಲೆ ವರ್ಷ ವರ್ಷ ರಿನ್ಯೂವಲ್ 250, ಬಿಪಿಎಲ್‌ಗೆ 50. ವಯಸ್ಸಿನ ಮಿತಿ ಇಲ್ಲ, ಮೆಡಿಕಲ್ ಟೆಸ್ಟ್ ಇಲ್ಲ, ಮೊದಲೇ ಇದ್ದ ಕಾಯಿಲೆ ಅಂತ ತಕರಾರು ಇಲ್ಲ. ಯಾವ ಆಸ್ಪತ್ರೆ ಬೇಕಾದ್ರೂ ಆಗ್ತದೆ. ಆದ್ರೆ ಕ್ಯಾಶ್‌ಲೆಸ್ ಅಲ್ಲ, ಕೈಯಿಂದ ಕೊಟ್ಟು ಆಮೇಲೆ ಕ್ಲೈಮ್ ಮಾಡುದು.

ಮುಖ್ಯ ಎಂತ ಅಂದ್ರೆ ಇದು ಅಡ್ಮಿಟ್ ಆದ್ರೆ ಮಾತ್ರ ಅಂತ ಇಲ್ಲ. ಹೊರರೋಗಿ ಚಿಕಿತ್ಸೆ, ಮದ್ದು, ಟೆಸ್ಟು, ಹಲ್ಲಿಂದು, ಥೆರಪಿ, ಆಯುರ್ವೇದ ಇತ್ಯಾದಿ, ಮತ್ತೆ ಓಡಾಟದ ಖರ್ಚು ಸಹ. ಒಂದೊಂದಕ್ಕೂ ಬೇರೆ ಬೇರೆ ಮಿತಿ. ನಮ್ಮ ಮಗಳಿಗೆ ಆಟಿಸಂ, ಅವಳ ಸ್ಪೀಚ್ ಮತ್ತು ಆಕ್ಯುಪೇಷನಲ್ ಥೆರಪಿ ಬಿಲ್ಲು ಅದರಲ್ಲೇ ಹಾಕುದು ನಾವು.

ಮಳೆಬಿಲ್ಲು_ಅಮ್ಮ:
ಓಡಾಟದ ಖರ್ಚೂ ಕೊಡ್ತಾರಾ?? ಆಟೋ?

ಕಡಲ್ಕರೆ:
ಕೊಡ್ತಾರೆ, ಆದ್ರೆ ಕುಣಿಬೇಡಿ. ನಾವು ಸೇರುವಾಗಿನ ಚಾರ್ಟಲ್ಲಿ ಅದಕ್ಕೆ ಇದ್ದದ್ದು ವರ್ಷಕ್ಕೆ 1,000. ತಿಂಗಳಿಗಲ್ಲ, ವರ್ಷಕ್ಕೆ.

ಸುಮ್ನೆ_ಓದೋನು:
ಅಂದ್ರೆ ಅಕ್ಕನ ಲೆಕ್ಕದಲ್ಲಿ ಮೂರು ಟ್ರಿಪ್ಪು. ನಾಲ್ಕನೇ ಟ್ರಿಪ್ಪಿಗೆ ನಡ್ಕೊಂಡು ಹೋಗ್ಬೇಕು

ಬಯಲುಸೀಮೆ:
ಈ ನಿರಾಮಯದಾಗ ನಮ್ಮನ್ನ ಸೇರ್ಸಂಗಿಲ್ಲ ನೋಡ್ರಿ. 2016ರ ಅಂಗವಿಕಲರ ಹಕ್ಕಿನ ಕಾಯ್ದೆದಾಗ 21 ಥರ ಅಂಗವೈಕಲ್ಯ ಅಂತ ಬರದಾರ, ಆದ್ರ ನ್ಯಾಷನಲ್ ಟ್ರಸ್ಟ್ ನಾಲ್ಕಕ್ಕ ನಿಂತೇತಿ. ಬೆನ್ನುಹುರಿ, ಪೋಲಿಯೋ, ಮಸ್ಕ್ಯುಲರ್ ಡಿಸ್ಟ್ರೋಫಿ ಎಲ್ಲಾರೂ ಹೊರಗ. ನಾ ಅರ್ಜಿ ಹಿಡ್ಕೊಂಡು ಹೋಗಿ ವಾಪಸ್ ಬಂದೀನಿ.

ಅಜ್ಜಿ_ಮೊಮ್ಮಗ:
ನಮ್ಮ ಅಜ್ಜಿಗೆ ಪಾರ್ಕಿನ್ಸನ್. ಅದಕ್ಕೂ ನಿರಾಮಯ ಇಲ್ಲ. ಆದ್ರೆ ಕರ್ನಾಟಕ ಸರ್ಕಾರದ್ದು ಆರೈಕೆದಾರರ ಭತ್ಯೆ ಅಂತ ಒಂದಿದೆ, ತಿಂಗಳಿಗೆ 1,000. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರೋರನ್ನ ನೋಡ್ಕೊಳ್ಳೋರಿಗೆ. ಇದು ಇನ್ಶೂರೆನ್ಸ್ ಅಲ್ಲ, ಬಿಲ್ ಏನೂ ಕೇಳಲ್ಲ. ಮಳೆಬಿಲ್ಲು ಅಕ್ಕ ನೀವೂ ಹಾಕ್ಬಹುದು. ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ ಇರ್ತಾರಲ್ಲ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರನ್ನ ಹಿಡೀರಿ. ನಮ್ಮೂರಲ್ಲಿ ಅವರೇ ಮನೆಗೆ ಬಂದು ಫಾರಂ ತುಂಬಿಸ್ಕೊಂಡು ಹೋದ್ರು.

ಲೆಕ್ಕಿಗ:
ಎಲ್ರೂ ಇನ್ಶೂರೆನ್ಸ್ ಇನ್ಶೂರೆನ್ಸ್ ಅಂತೀರಾ, ಇನ್ಕಮ್ ಟ್ಯಾಕ್ಸ್ ಯಾರೂ ಹೇಳ್ತಿಲ್ಲ. ಮೇಡಂ ನಿಮ್ಮ ಯಜಮಾನ್ರು ಸಂಬಳದವರಾ? 80ಡಿಡಿ ಸೆಕ್ಷನ್ನಿನ ವಿನಾಯ್ತಿ ತಗೋತಿದಾರಾ?

ಪುಟ್ಟಿ_ಅಪ್ಪ:
80ಡಿಡಿ ಅಂದ್ರೆ ಆಸ್ಪತ್ರೆ ಬಿಲ್ ಎಲ್ಲಾ ಇಟ್ಕೊಂಡಿರ್ಬೇಕು, ನಲವತ್ತು ಸಾವಿರದವರೆಗೆ ಮಾತ್ರ, ಇನ್ಶೂರೆನ್ಸ್‌ನಿಂದ ಬಂದಿದ್ದು ಕಳೀಬೇಕು. ತಲೆನೋವು.

ಲೆಕ್ಕಿಗ:
ಅದು 80ಡಿಡಿಬಿ ಸ್ವಾಮಿ, ಕ್ಯಾನ್ಸರ್, ಕಿಡ್ನಿ ಫೇಲ್ಯೂರ್, ಪಾರ್ಕಿನ್ಸನ್ ಥರದ ಕಾಯಿಲೆಗಳ ಚಿಕಿತ್ಸೆಗೆ. ಎಲ್ರೂ ಇಲ್ಲೇ ಎಡವೋದು, ಒಂದು 'ಬಿ' ಅಕ್ಷರ.

80ಡಿಡಿ ಬೇರೆ. ಅವಲಂಬಿತರಿಗೆ ಅಂಗವೈಕಲ್ಯ 40 ಪರ್ಸೆಂಟ್ ಅಥವಾ ಅದರ ಮೇಲಿದ್ರೆ 75,000, 80 ಅಥವಾ ಅದಕ್ಕಿಂತ ಜಾಸ್ತಿ ಇದ್ರೆ 1,25,000 ಆದಾಯದಿಂದ ಕಳೀತಾರೆ. ಎಷ್ಟು ಖರ್ಚಾಯ್ತು ಅನ್ನೋದು ಲೆಕ್ಕಕ್ಕಿಲ್ಲ, ನಿಗದಿ ಮೊತ್ತ. ಹತ್ತು ಸಾವಿರ ಖರ್ಚಾಗಿದ್ರೂ ಅಷ್ಟೇ ಕಳೀತಾರೆ, ಎರಡು ಲಕ್ಷ ಆಗಿದ್ರೂ ಅಷ್ಟೇ. ಸೆರೆಬ್ರಲ್ ಪಾಲ್ಸಿಗೆ, ಆಟಿಸಂಗೆ ಫಾರಂ 10-ಐಎ ಸರ್ಟಿಫಿಕೇಟ್ ಬೇಕು, ಮಕ್ಕಳಾದ್ರೆ ಪೀಡಿಯಾಟ್ರಿಕ್ ನ್ಯೂರಾಲಜಿಸ್ಟ್ ಅಥವಾ ಜಿಲ್ಲಾಸ್ಪತ್ರೆ ಸಿವಿಲ್ ಸರ್ಜನ್ ಸೈನ್ ಮಾಡ್ತಾರೆ. ಒಂದೇ ತೊಡಕು, ಹೊಸ ಟ್ಯಾಕ್ಸ್ ರೆಜಿಮ್ ತಗೊಂಡ್ರೆ ಇದು ಸಿಗಲ್ಲ. ಆಫೀಸಲ್ಲಿ ತಾನಾಗೇ ಹೊಸದಕ್ಕೆ ಹಾಕಿಬಿಟ್ಟಿರ್ತಾರೆ, ಯಾವುದು ಲಾಭ ಅಂತ ಎರಡೂ ಲೆಕ್ಕ ಹಾಕಿಸಿ ನೋಡಿ.

ಮಳೆಬಿಲ್ಲು_ಅಮ್ಮ:
ಇವರನ್ನ ಈಗಷ್ಟೇ ಕೇಳಿದೆ. ಆಫೀಸಿನ ಫಾರಂ ಬಂದಾಗ '75,000' ಅಂತ ಟಿಕ್ ಮಾಡಿದ್ರಂತೆ. ಯಾಕೆ ಅಂದ್ರೆ 'ಅದು ಮೊದಲು ಬರೆದಿತ್ತು' ಅಂತಾರೆ. ನಾಲ್ಕು ವರ್ಷದಿಂದ!!

ಸುಮ್ನೆ_ಓದೋನು:
ಅಕ್ಕ ಇವತ್ತು ರಾತ್ರಿ ಭಾವನಿಗೆ ಊಟ ಇದ್ಯಾ

ಲೆಕ್ಕಿಗ:
ಹೋದ ವರ್ಷಗಳದ್ದು ಎಲ್ಲಾ ಸರಿ ಮಾಡೋಕಾಗಲ್ಲ, ಈ ವರ್ಷದ್ದಾದ್ರೂ ಹಾಕ್ಸಿ. ಇನ್ನೊಂದು, ಬಯಲುಸೀಮೆ ಅವ್ರಿಗೆ: ಅಂಗವೈಕಲ್ಯ ಇರೋರು ತಾವೇ ಆದಾಯ ಇರೋರಾದ್ರೆ 80ಯು, ಮೊತ್ತ ಅದೇ. ಸಂಬಳದವರಾಗಿದ್ದು ಟ್ರಾನ್ಸ್‌ಪೋರ್ಟ್ ಅಲೋಯೆನ್ಸ್ ಬರ್ತಿದ್ರೆ ತಿಂಗಳಿಗೆ 3,200ರವರೆಗೆ ತೆರಿಗೆ ಇಲ್ಲ, ಅದು ಹೊಸ ರೆಜಿಮ್‌ನಲ್ಲೂ ಇದೆ. ಅಂಧರು, ಕಿವುಡರು, ಕೈಕಾಲಿನ ತೊಂದರೆ ಇರೋ ನೌಕರರಿಗೆ ಮಾತ್ರ, ಮಗುವಿನ ಅಪ್ಪನಿಗಲ್ಲ.

ಬಯಲುಸೀಮೆ:
ನಂದು ಸ್ವಂತ ಝೆರಾಕ್ಸ್ ಅಂಗಡಿ ಐತ್ರಿ ಸರ, ಅಲೋಯೆನ್ಸ್ ನನಗ ನಾನೇ ಕೊಟ್ಕೋಬೇಕು.

ಅಜ್ಜಿ_ಮೊಮ್ಮಗ:
ಓಡಾಟ ಅಂತ ಬಂದಿದ್ದಕ್ಕೆ: ರೈಲಲ್ಲಿ ಸ್ಲೀಪರ್, ಥರ್ಡ್ ಎಸಿಯಲ್ಲಿ 75 ಪರ್ಸೆಂಟ್ ರಿಯಾಯ್ತಿ, ಜೊತೆಗೆ ಬರೋ ಒಬ್ಬರಿಗೂ ಅಷ್ಟೇ. ಫಸ್ಟ್ ಎಸಿ, ಸೆಕೆಂಡ್ ಎಸಿಯಲ್ಲಿ 50. ಒಬ್ಬರೇ ಓಡಾಡೋಕಾಗದ ಅಂಗವಿಕಲರು, ಬುದ್ಧಿಮಾಂದ್ಯರು, ಪೂರ್ತಿ ಕಣ್ಣು ಕಾಣದವರು ಇದರಲ್ಲಿ ಬರ್ತಾರೆ. ಕೆಎಸ್‌ಆರ್‌ಟಿಸಿ ಪಾಸೂ ಇದೆ, ವರ್ಷಕ್ಕೆ 660, ಮನೆಯಿಂದ ನೂರು ಕಿಲೋಮೀಟರ್ ದೂರದವರೆಗೆ, ಸೇವಾಸಿಂಧುನಲ್ಲಿ ಅರ್ಜಿ.

ಮಳೆಬಿಲ್ಲು_ಅಮ್ಮ:
ಪಾಸ್ ಇದೆ ತಮ್ಮಾ. ನನಗೆ ಶಕ್ತಿ ಯೋಜನೆ ಇದೆ, ಅವನಿಗೆ ಪಾಸಿದೆ, ಇಬ್ಬರಿಗೂ ಟಿಕೆಟ್ ದುಡ್ಡಿಲ್ಲ. ಆದ್ರೆ ಹತ್ತೋದ್ ಹೇಗೆ? ಆ ಮೂರು ಮೆಟ್ಟಿಲು, 27 ಕೆಜಿ ಮಗು, ಇನ್ನೊಂದು ಕೈಯಲ್ಲಿ ಮಡಚಿದ ವೀಲ್‌ಚೇರು, ಹಿಂದಿಂದ ಡ್ರೈವರ್ ಹಾರನ್ನು. ಫ್ರೀ ಬಸ್ ಬಾಗಿಲಲ್ಲಿ ನಿಂತ್ಕೊಂಡು ದುಡ್ಡು ಕೊಟ್ಟು ಆಟೋ ಕರೀತೀನಿ.

ಬಯಲುಸೀಮೆ:
ಇದು ಖರೆ ಮಾತು.

ಕಡಲ್ಕರೆ:
ವೀಲ್‌ಚೇರ್ ವಿಷಯಕ್ಕೆ ಬರುವ. ನೀವು ಕೊಂಡುಕೊಂಡು ಆಯ್ತು, ಮುಂದಿನ ಸಲಕ್ಕೆ ಅಡಿಪ್ ನೆನಪಿರಲಿ. ಕೇಂದ್ರದ ಯೋಜನೆ, 1981ರಿಂದ ಉಂಟು. ವೀಲ್‌ಚೇರ್, ಸೆರೆಬ್ರಲ್ ಪಾಲ್ಸಿ ಮಕ್ಕಳ ಕುರ್ಚಿ, ಶ್ರವಣ ಸಾಧನ, ಕಾಲಿಗೆ ಕಟ್ಟುವ ಕ್ಯಾಲಿಪರ್ ಎಲ್ಲ ಕೊಡ್ತಾರೆ, ಆದಾಯ ಮಿತಿ ಉಂಟು. ಹೆಚ್ಚಿನವು ಆಲಿಮ್ಕೋದ್ದು, ಕಾನ್ಪುರದ ಸರ್ಕಾರಿ ಕಂಪನಿ, ಬೆಂಗಳೂರಲ್ಲೂ ಅವರ ಘಟಕ ಉಂಟು. ಒಂದು ಸಲ ಅಳತೆ ತೆಗೆಯುವ ಕ್ಯಾಂಪು, ಮತ್ತೊಂದು ಸಲ ಹಂಚುವ ಕ್ಯಾಂಪು.

ಪುಟ್ಟಿ_ಅಪ್ಪ:
ಈ ಕ್ಯಾಂಪ್‌ಗಳ ಕಥೆ ಬಿಡಿ. ನಮ್ಮ ಪುಟ್ಟಿಗೆ ಒಂದು ಸಂಸ್ಥೆಯವ್ರು ಕ್ಯಾಂಪಲ್ಲಿ ಅಳತೆ ತಗೊಂಡ್ರು, ಕ್ಯಾಲಿಪರ್ ಕೈಗೆ ಬಂದಿದ್ದು ಒಂಬತ್ತು ತಿಂಗಳಿಗೆ. ಅಷ್ಟರಲ್ಲಿ ಅವಳು ಎರಡು ಇಂಚು ಬೆಳೆದಿದ್ಲು. ಸ್ಟೇಜ್ ಮೇಲೆ ಹಾಕಿ ಫೋಟೋ ತೆಗೆದ್ರು, ಕೆಳಗೆ ಇಳಿದ ಮೇಲೆ ಬಿಚ್ಚಿದ್ವಿ. ಈಗ ಅಟ್ಟದ ಮೇಲಿದೆ. ಆಗ್ಲೇ ನನಗೆ ಈ ನಿಯಮ ಗಿಯಮ ಎಲ್ಲಾದರ ಮೇಲೂ ನಂಬಿಕೆ ಹೋಗಿದ್ದು, ಅದಕ್ಕೇ ಮೊದಲು ಹಂಗೆ ಬರೆದೆ. ತಪ್ಪಾಗಿ ತಿಳ್ಕೋಬೇಡಿ.

ಹಳೇ_ಟಿಪಿಎ:
ತಪ್ಪಾಗಿ ತಿಳ್ಕೊಂಡಿಲ್ಲ ಸರ್. ನಾನೂ ಸ್ವಲ್ಪ ಜೋರಾಗೇ ಹೇಳ್ದೆ.

ಮೇಡಂ, ಕೇರ್ ಹೋಮ್ ವಿಷಯಕ್ಕೆ ಒಂದು ಮಾತು ಬಿಟ್ಟುಹೋಗಿತ್ತು. ರೆಸ್ಪೈಟ್‌ಗೆ ಯಾವ ಮೆಡಿಕ್ಲೈಮೂ ಕೊಡಲ್ಲ ನಿಜ, ಆದ್ರೆ ಹಾಸ್ಪಿಟಲ್ ಕ್ಯಾಶ್ ಅಂತ ಒಂದು ಥರದ ಪಾಲಿಸಿ ಅಥವಾ ಆಡ್-ಆನ್ ಬರುತ್ತೆ. ನೀವು ಅಡ್ಮಿಟ್ ಆದ ಒಂದೊಂದು ದಿನಕ್ಕೂ ಇಷ್ಟು ಅಂತ ನಿಗದಿ ದುಡ್ಡು, ಬಿಲ್ ಎಷ್ಟೇ ಇರಲಿ. ಆ ದುಡ್ಡನ್ನ ಏನಕ್ಕೆ ಬಳಸಿದ್ರಿ ಅಂತ ಯಾರೂ ಕೇಳಲ್ಲ. ಇದನ್ನ ಮಗನ ಹೆಸರಲ್ಲಿ ಅಲ್ಲ, ನಿಮ್ಮ ಹೆಸರಲ್ಲಿ ತಗೊಳ್ಳಿ. ಮಲಗೋದು ನೀವಾದಾಗ ತಾನೇ ಅವನಿಗೆ ಕೇರ್ ಹೋಮ್ ಬೇಕಾಗೋದು. ಹತ್ತೂ ದಿನದ್ದು ಬರಲ್ಲ, ನೀವು ಆಸ್ಪತ್ರೆಲಿದ್ದ ದಿನಗಳದ್ದು ಬರುತ್ತೆ.

ಮತ್ತೆ, ಮಗನೇ ಯಾವತ್ತಾದ್ರೂ ಸರ್ಜರಿಗೆ ಅಡ್ಮಿಟ್ ಆದ್ರೆ ಡಿಸ್ಚಾರ್ಜ್ ಆದ್ಮೇಲಿನ ದಿನಗಳನ್ನ ಮರೀಬೇಡಿ. ಆರೋಗ್ಯ ಸಂಜೀವನಿಯಲ್ಲಿ 60 ದಿನ, ನಿಮ್ಮದರಲ್ಲಿ ಎಷ್ಟಿದೆ ನೋಡಿ. ಅದೇ ಸರ್ಜರಿಗೆ ಸಂಬಂಧಪಟ್ಟ ಫಿಸಿಯೋ, ಮದ್ದು ಅದರಲ್ಲಿ ಬರುತ್ತೆ. ಡಿಸ್ಚಾರ್ಜ್ ಸಮ್ಮರಿಯಲ್ಲೇ 'ಫಿಸಿಯೋ ಇಷ್ಟು ವಾರ' ಅಂತ ಡಾಕ್ಟರ ಹತ್ರ ಬರೆಸ್ಕೊಳ್ಳಿ. ಬಾಯಲ್ಲಿ ಹೇಳಿದ್ದು ಕ್ಲೈಮ್ ಟೇಬಲ್ಲಿಗೆ ಬರಲ್ಲ.

ಅಜ್ಜಿ_ಮೊಮ್ಮಗ:
ನನಗೆ ಒಂದು ಅರ್ಥ ಆಗ್ತಿಲ್ಲ. ಇವರು ಇನ್ಶೂರೆನ್ಸ್ ದೂರು ವಿಚಾರಿಸೋ ಓಂಬುಡ್ಸ್‌ಮನ್ ಹತ್ರ ಯಾಕೆ ಹೋಗ್ಬಾರದು? ಫ್ರೀ ಅಲ್ವಾ?

ಹಳೇ_ಟಿಪಿಎ:
ಫ್ರೀನೇ. ಲಾಯರ್ ಬೇಡ. 50 ಲಕ್ಷದವರೆಗಿನ ಕ್ಲೈಮ್ ನೋಡ್ತಾರೆ, ಕರ್ನಾಟಕದ್ದು ಬೆಂಗಳೂರಲ್ಲೇ ಇದೆ. ಮೊದಲು ಕಂಪನಿಯ ಗ್ರೀವೆನ್ಸ್ ಸೆಲ್ಲಿಗೆ ಬರೀಬೇಕು, ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾದಲ್ಲೂ ಹಾಕ್ಬಹುದು. ಒಂದು ತಿಂಗಳಲ್ಲಿ ಉತ್ತರ ಬರ್ದಿದ್ರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗ್ದಿದ್ರೆ, ಒಂದು ವರ್ಷದೊಳಗೆ ಓಂಬುಡ್ಸ್‌ಮನ್‌ಗೆ. ಆದ್ರೆ ಅವರು ಪಾಲಿಸಿಯಲ್ಲಿ ಏನು ಬರೆದಿದೆ ಅಂತ ನೋಡಿ ತೀರ್ಮಾನ ಮಾಡೋದು. 05 ಬರೆದಿರೋದು ಕಲ್ಲಿನಂಗೆ. ಅದರ ಹಿಂದೆ ಹೋಗಿ ಆರು ತಿಂಗಳು ಕಳೀಬೇಡಿ ಅನ್ನೋದು ನನ್ನ ಸಲಹೆ.

ಬಯಲುಸೀಮೆ:
ಯಾಕ್ರೀ ಸರ, ಹೋಗ್ಲಿ ಬಿಡ್ರಲ್ಲ. ಸೋಲ್ತಾರಂತ ಗೊತ್ತಿದ್ರೂ ಒಂದು ಅರ್ಜಿ ಅಲ್ಲಿ ಬಿದ್ರ ಲೆಕ್ಕಕ್ಕ ಬರ್ತೈತಿ. ಯಾರೂ ಕೇಳಂಗಿಲ್ಲ ಅಂತನ ಅವರು ಪಟ್ಟಿದಾಗ ಹಾಕ್ಯಾರ.

ಹಳೇ_ಟಿಪಿಎ:
ಕೇಳ್ಬೇಕಾದ ಜಾಗ ಓಂಬುಡ್ಸ್‌ಮನ್ ಅಲ್ಲ, ಐಆರ್‌ಡಿಎಐ. 2023 ಫೆಬ್ರವರಿಯಲ್ಲಿ ಅವರು ಆದೇಶ ಮಾಡಿದ ಮೇಲೇನೇ ಪ್ರತಿ ಕಂಪನಿನೂ ಅಂಗವಿಕಲರಿಗೆ ಅಂತ ಒಂದು ಪಾಲಿಸಿ ಇಡ್ಲೇಬೇಕು ಅಂತಾಗಿದ್ದು. ಅದಕ್ಕೆ ಮುಂಚೆ ಅರ್ಜಿನೇ ತಗೋತಿರ್ಲಿಲ್ಲ ಎಷ್ಟೋ ಕಡೆ. ಹಂಗಂತ ಆ ಪಾಲಿಸಿಗಳ ಒಳಗೂ ಅದೇ ಹಾಸಿಗೆ ಲೆಕ್ಕನೇ. ಬಾಗಿಲು ತೆಗೆದ್ರು, ಮನೆ ಹಳೇದೇ.

ಕಡಲ್ಕರೆ:
ಅಮ್ಮ ಅವರೇ, ಇನ್ನೊಂದು ಸಲ ನೀವು ಹುಷಾರಿಲ್ಲದೆ ಮಲಗಿದ್ರೆ ನ್ಯಾಷನಲ್ ಟ್ರಸ್ಟಿನದ್ದೇ ಸಮರ್ಥ್ ಅಂತ ಉಂಟು, ಅದು ರೆಸ್ಪೈಟ್ ಕೇರಿಗೇ ಇರುವ ಯೋಜನೆ. ಸ್ವಲ್ಪ ದಿನ ಬಿಟ್ಟು ಕರ್ಕೊಂಡು ಬರ್ಬಹುದು. ಘರೌಂದಾ ಅಂದ್ರೆ ಜೀವನಪರ್ಯಂತ ಇರುವುದು, ಅದು ಬೇರೆ. ಎಲ್ಲ ಜಿಲ್ಲೆಯಲ್ಲಿ ಇಲ್ಲ, ಹತ್ತಿರದ್ದು ಯಾವುದು ಅಂತ ಈಗಲೇ ಕೇಳಿ ಇಟ್ಕೊಳ್ಳಿ, ಹೊಟ್ಟೆನೋವು ಬಂದ ಮೇಲೆ ಹುಡುಕ್ಲಿಕ್ಕೆ ಹೋಗ್ಬೇಡಿ. ಒಂದು ದಿನ ಹೋಗಿ ನೋಡಿ ಬನ್ನಿ, ಬಾತ್‌ರೂಮ್ ನೋಡಿ ಮುಖ್ಯವಾಗಿ.

ಮಳೆಬಿಲ್ಲು_ಅಮ್ಮ:
ಬಾತ್‌ರೂಮ್ ನೋಡೋದು ಕಲ್ತಿದೀನಿ. ಈ ಸಲ ಬಿಟ್ಟಿದ್ದ ಕಡೆ ಚೆನ್ನಾಗೇ ನೋಡ್ಕೊಂಡ್ರು. ಹತ್ತನೇ ದಿನ ಕರ್ಕೊಂಡು ಬರೋಕೆ ಹೋದ್ರೆ ನನ್ನ ಕಡೆ ತಿರುಗ್ಲೇ ಇಲ್ಲ, ಅಲ್ಲಿನ ಆಯಾ ಸೆರಗು ಹಿಡ್ಕೊಂಡಿದ್ದ. ಅತ್ತಿದ್ದು ನಾನೇ.

ನಿರಾಮಯಕ್ಕೆ ಏನೇನು ಬೇಕು ಹೇಳಿ, ನಾಳೆನೇ ಹೋಗ್ತೀನಿ.

ಕಡಲ್ಕರೆ:
ನ್ಯಾಷನಲ್ ಟ್ರಸ್ಟಿನಲ್ಲಿ ನೋಂದಾಯಿಸಿದ ಸಂಸ್ಥೆ ನಿಮ್ಮ ಜಿಲ್ಲೆಯಲ್ಲಿ ಯಾವುದುಂಟು ನೋಡಿ, ಅವರ ಮೂಲಕ ಅರ್ಜಿ. ಯುಡಿಐಡಿ ಅಥವಾ ಅಂಗವೈಕಲ್ಯ ಸರ್ಟಿಫಿಕೇಟು, ಆಧಾರ್, ವಿಳಾಸ, ಪಾಸ್‌ಬುಕ್, ಬಿಪಿಎಲ್ ಆದ್ರೆ ಕಾರ್ಡು. ವರ್ಷ ಅಂದ್ರೆ ಏಪ್ರಿಲ್‌ನಿಂದ ಮಾರ್ಚ್. ಮಾರ್ಚ್ 31ಕ್ಕೆ ಮುಗೀತದೆ, ರಿನ್ಯೂವಲ್ ಮರೆತ್ರೆ ನಿಮ್ಮ ಕರ್ಮ.

ಕ್ಲೈಮಿಗೆ ಒರಿಜಿನಲ್ ಬಿಲ್ಲು, ಡಾಕ್ಟರ ಚೀಟಿ, ಥೆರಪಿಸ್ಟಿನ ರಿಜಿಸ್ಟ್ರೇಷನ್ ನಂಬರ್ ಇರುವ ಸೀಲು. ದಿನಾ ದಿನಾ ಎಷ್ಟು ಸೆಷನ್ ಅಂತ ಹಾಜರಿ ಪಟ್ಟಿ ಮಾಡಿಸಿ ಸೈನ್ ಹಾಕ್ಸಿ. ಮತ್ತೆ ಒಂದು ನಾನು ಪೆಟ್ಟು ತಿಂದು ಕಲ್ತದ್ದು: ಮೆಡಿಕಲ್ ಶಾಪಿನ ಬಿಲ್ಲು ಆ ನುಣುಪು ಕಾಗದದಲ್ಲಿ ಬರ್ತದಲ್ಲ, ಅದು ಅಳಿಸಿ ಹೋಗ್ತದೆ. ನಾನು ನಾಲ್ಕು ತಿಂಗಳಿಂದು ಪ್ಲಾಸ್ಟಿಕ್ ಕವರಲ್ಲಿ ಜೋಪಾನ ಇಟ್ಟು ತೆಗೆದು ನೋಡ್ತೇನೆ, ಬಿಳೀ ಚೀಟಿ. ಒಂದಕ್ಷರ ಇಲ್ಲ. ತಂದ ದಿನವೇ ಝೆರಾಕ್ಸ್ ತೆಗೆದು ಅದಕ್ಕೆ ಪಿನ್ ಮಾಡಿ.

ಬಯಲುಸೀಮೆ:
ಝೆರಾಕ್ಸಿಗೆ ನಮ್ಮ ಅಂಗಡಿಗೆ ಬರ್ರಿ, ಎರಡು ರೂಪಾಯಿ 😄

ಸುಮ್ನೆ_ಓದೋನು:
ಆಟೋದವರು ಬಿಲ್ ಕೊಡಲ್ವಲ್ಲ, ಅದಕ್ಕೇನು ಮಾಡೋದು?

ಅಜ್ಜಿ_ಮೊಮ್ಮಗ:
ಆ್ಯಪ್‌ನಲ್ಲಿ ಬುಕ್ ಮಾಡಿದ್ರೆ ಬಿಲ್ ಮೇಲ್‌ಗೆ ಬರುತ್ತೆ. ಮಾಮೂಲಿ ಆಟೋ ಆದ್ರೆ ಯುಪಿಐನಲ್ಲಿ ಕೊಡಿ, ದಾಖಲೆ ಆದ್ರೂ ಇರುತ್ತೆ. ನಾನು ಒಂದು ರಸೀದಿ ಪುಸ್ತಕ ತಗೊಂಡು ಅವರ ಹತ್ರನೇ ಗಾಡಿ ನಂಬರ್ ಬರೆಸಿ ಸೈನ್ ಹಾಕಿಸ್ಕೋತೀನಿ. ಮೊದಲ ದಿನ 'ಏನ್ ಸಾರ್ ಪೊಲೀಸಾ' ಅಂದಿದ್ದ, ಈಗ ಅವನೇ ಪೆನ್ ಕೇಳ್ತಾನೆ.

ಮಳೆಬಿಲ್ಲು_ಅಮ್ಮ:
ಐದು ತಿಂಗಳಾದ್ಮೇಲೆ ಬರೀತಿದೀನಿ, ಎಲ್ರೂ ಇದೀರಾ?

ನಿರಾಮಯ ಕಾರ್ಡ್ ಬಂತು. ಥೆರಪಿ ಬಿಲ್ಲು ಹಾಕಿದ್ದೆ, ಒಂದು ಸಲ ಸೀಲ್ ಇಲ್ಲ ಅಂತ ವಾಪಸ್ ಬಂತು, ಮಾಡಿಸಿ ಕಳಿಸಿದೆ, ಮೊನ್ನೆ ಅಕೌಂಟಿಗೆ ದುಡ್ಡು ಬಿತ್ತು. ಆಟೋಗೆ 1,000 ಬಂತು, ಹೇಳ್ದಂಗೆ ಮೂರು ಟ್ರಿಪ್ಪು. ಆರೈಕೆದಾರರ ಭತ್ಯೆಗೆ ಅರ್ಜಿ ಹಾಕಿದೀನಿ, ಇನ್ನೂ ಬಂದಿಲ್ಲ. ಇವರು ಆಫೀಸಲ್ಲಿ 1,25,000 ಹಾಕಿಸಿದ್ರು. ನನ್ನ ಹೆಸರಲ್ಲಿ ಹಾಸ್ಪಿಟಲ್ ಕ್ಯಾಶೂ ತಗೊಂಡ್ವಿ. ಕೇರ್ ಹೋಮ್ 14,500 ಹೋಗಿದ್ದು ಹೋಯ್ತು. ಆದ್ರೂ ಬಯಲುಸೀಮೆ ಅಣ್ಣ ಹೇಳಿದ್ರಲ್ಲ ಅಂತ ಕಂಪನಿಗೊಂದು, ಐಆರ್‌ಡಿಎಐಗೊಂದು ಕಾಗದ ಬರೆದು ಹಾಕಿದೆ, ಕನ್ನಡದಲ್ಲೇ. ಟಿಪಿಎ ಸರ್ ಬೈಬೇಡಿ.

ಹಳೇ_ಟಿಪಿಎ:
ಬೈಯಲ್ಲ ಮೇಡಂ. ಅಕ್ನಾಲೆಜ್‌ಮೆಂಟ್ ಇಟ್ಕೊಂಡ್ರಾ?

ಮಳೆಬಿಲ್ಲು_ಅಮ್ಮ:
ಇಟ್ಕೊಂಡೆ, ಝೆರಾಕ್ಸ್ ಸಮೇತ.

ಬಯಲುಸೀಮೆ ಅಣ್ಣ, ನಿಮ್ಮ ಕುಶನ್ ಏನಾಯ್ತು?

ಬಯಲುಸೀಮೆ:
ಹೊಸದು ತಗೊಂಡೆ ಅಕ್ಕಾರ, ಕೈಯಿಂದನ. ಈಗ ರಾತ್ರಿ ಮಲಗೂಕ ಮೊದಲ ಕನ್ನಡಿ ಹಿಡ್ದು ನೋಡ್ಕೋತೀನಿ. ಹಳೇದನ್ನ ಒಗದಿಲ್ಲ, ಅಂಗಡ್ಯಾಗ ಬೆಕ್ಕ ಅದರ ಮ್ಯಾಲೆ ಮಲಗತೈತಿ.